ತಿಳಿಸದೆ ತೆರಳಿದ ಬಾಡಿಗೆದಾರ

ಬೆಂಗಳೂರು, ಮೈಸೂರುಗಳಂತಹ ನಗರಗಳಲ್ಲಿ ಮನೆಯ ಮಹಡಿಯನ್ನೋ ಹಿತ್ತಲ ಕಡೆಯ ಎರಡು ಕೋಣೆಗಳನ್ನೋ ಬಾಡಿಗೆಗೆ ಕೊಟ್ಟು, ಆ ಅಲ್ಪ ಆದಾಯವನ್ನೇ ನಿವೃತ್ತಿಯ ದಿನಗಳಿಗೆ ಆಧಾರ ಮಾಡಿಕೊಂಡಿರುವ ಗೃಹಸ್ಥರು ಅಸಂಖ್ಯರು. ಅಂಥವರ ಮನೆಯಿಂದ ಬಾಡಿಗೆದಾರನು ಒಂದು ಮಾತನ್ನೂ ತಿಳಿಸದೆ ಹೊರಟುಹೋದಾಗ, ಮುಂದಿನ ತಿಂಗಳ ಔಷಧಿಗೂ ದಿನಸಿಗೂ ಹಣವನ್ನು ಹೇಗೆ ಹೊಂದಿಸುವುದೆಂಬ ಚಿಂತೆಯೊಡನೆ ಕ್ರೋಧವೂ ಉದ್ಭವಿಸುವುದು ಸಹಜವೇ. ಆದರೆ ಕಾನೂನು ಮನೆಯೊಡೆಯನಿಗೆ ಕೊಡುವುದು ನಷ್ಟಪರಿಹಾರದ ಹಕ್ಕನ್ನೇ ಹೊರತು ದಂಡಿಸುವ ಹಕ್ಕನ್ನಲ್ಲ.

ಮೊದಲು ನೋಡಬೇಕಾದುದು ಕರಾರುಪತ್ರವನ್ನು. ನಮ್ಮಲ್ಲಿ ರೂಢಿಯಾಗಿರುವ 11 ತಿಂಗಳ ಕರಾರುಗಳಲ್ಲಿ ಮನೆ ಬಿಡುವ ಮುನ್ನ ಒಂದೋ ಎರಡೋ ತಿಂಗಳು ಮುಂಚಿತವಾಗಿ ತಿಳಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದ ಪಕ್ಷದಲ್ಲಿ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಕಲಮಿನಂತೆ, ವಾಸದ ಮನೆಯ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ಸಾಗುವುದೆಂದು ಭಾವಿಸಿ, 15 ದಿನಗಳ ಲಿಖಿತ ನೋಟೀಸನ್ನು ಕೊಡತಕ್ಕದ್ದು. ಈ ಹೊಣೆ ಮನೆಯೊಡೆಯನದು ಮಾತ್ರವೆಂದು ಹಲವರು ತಿಳಿದಿರುವರಾದರೂ, ಅದು ಉಭಯರಿಗೂ ಸಮಾನ.

ಬಾಡಿಗೆದಾರನು ಬೀಗದ ಕೈಯನ್ನು ಒಪ್ಪಿಸಿ ಹೋಗಿದ್ದರೆ ಕಾರ್ಯ ಸುಲಭ. ಆದರೂ ಅದನ್ನು ಸ್ವೀಕರಿಸುವಾಗ, ನೋಟೀಸಿನ ಅವಧಿಯ ಬಾಕಿಯನ್ನು ಬಿಟ್ಟುಕೊಟ್ಟಿಲ್ಲವೆಂದು ಬರೆದಿಡುವುದು ಕ್ಷೇಮ. ಆ ಬಾಕಿಯನ್ನೂ, ಕಾಲಸಹಜವಾದ ಸವೆತವನ್ನು ಬಿಟ್ಟು ಉಳಿದ ಹಾನಿಯ ವೆಚ್ಚವನ್ನೂ ಅಡ್ವಾನ್ಸಿನಲ್ಲಿ ಮುರಿದುಕೊಂಡು, ಲೆಕ್ಕವನ್ನು ಬರೆದು, ಉಳಿದುದನ್ನು ಹಿಂದಿರುಗಿಸಬೇಕು. ಹತ್ತು ತಿಂಗಳ ಬಾಡಿಗೆಯಷ್ಟನ್ನು ಮುಂಗಡವಾಗಿ ಪಡೆಯುತ್ತಿದ್ದ ಬೆಂಗಳೂರಿನ ಪದ್ಧತಿಯಲ್ಲಿ, ಅಷ್ಟನ್ನೂ ನುಂಗಿಬಿಡುವ ಮೋಹ ಕೆಲವರಿಗೆ ಹುಟ್ಟುವುದುಂಟು, ಅದು ನ್ಯಾಯವಲ್ಲ. 1872ರ ಕರಾರು ಅಧಿನಿಯಮದ 74ನೆಯ ಕಲಮಿನ ಪ್ರಕಾರ ಕರಾರಿನಲ್ಲಿ ನಮೂದಿಸಿದ ಮೊತ್ತವು ಪರಮಾವಧಿಯೇ ಹೊರತು ತಾನಾಗಿಯೇ ಲಭಿಸುವ ಹಣವಲ್ಲ. ಅದರೊಳಗೆ ಸಮಂಜಸವಾದುದಷ್ಟೇ ದೊರೆಯುವುದು. 73ನೆಯ ಕಲಮಾದರೋ, ನಷ್ಟವನ್ನು ತಗ್ಗಿಸಿಕೊಳ್ಳಲು ಲಭ್ಯವಿದ್ದ ಉಪಾಯಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತದೆ. ಎರಡು ತಿಂಗಳ ನೋಟೀಸು ಬರಬೇಕಾಗಿದ್ದು, ಇಪ್ಪತ್ತೇ ದಿನಗಳಲ್ಲಿ ಅದೇ ಬಾಡಿಗೆಗೆ ಹೊಸ ಸಂಸಾರವೊಂದು ಬಂದು ನೆಲೆಸಿದ ಮೇಲೆ, ಪೂರ್ತಿ ಎರಡು ತಿಂಗಳ ಬಾಡಿಗೆಯನ್ನು ಕೇಳುವುದು ಒಂದೇ ಮನೆಗೆ ಇಬ್ಬರಿಂದ ಬಾಡಿಗೆ ಪಡೆದಂತೆ.

ನಿಜವಾದ ತೊಡಕು ಇರುವುದು, ಬಾಡಿಗೆದಾರನು ತನ್ನ ಬೀಗವನ್ನೇ ಜಡಿದು, ಹಳೆಯ ಮಂಚ, ಪಾತ್ರೆ, ಪೆಟ್ಟಿಗೆಗಳನ್ನು ಒಳಗೇ ಬಿಟ್ಟು ಕಣ್ಮರೆಯಾದಾಗ. ಮನೆ ಖಾಲಿಯಾದಂತೆ ತೋರಿದರೂ ಸ್ವಾಧೀನವು ಇನ್ನೂ ಮರಳಿಲ್ಲದಿರಬಹುದು. ಆತನು ಊರಿಗೆ ಹೋಗಿದ್ದಾನೋ, ಆಸ್ಪತ್ರೆಯಲ್ಲಿದ್ದಾನೋ ಯಾರು ಬಲ್ಲರು? ಬೀಗವನ್ನು ಒಡೆದು ಸಾಮಾನುಗಳನ್ನು ಬೀದಿಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಂತೆ ಆತನು ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಕೇಳಬಹುದು. ಪೆಟ್ಟಿಗೆಯಲ್ಲಿ ಒಡವೆಯಿತ್ತೆಂದರೆ, ಇರಲಿಲ್ಲವೆಂದು ತೋರಿಸುವ ಸಂಕಟವು ಮನೆಯೊಡೆಯನ ಪಾಲಿಗೆ ಬರುವುದು. ಆದುದರಿಂದ ಫೋನಿನಲ್ಲಿ ವಿಚಾರಿಸಿ, ಕರಾರಿನಲ್ಲಿರುವ ಸ್ವಂತ ಊರಿನ ವಿಳಾಸಕ್ಕೆ ತಲುಪಿದುದಕ್ಕೆ ದಾಖಲೆ ದೊರೆಯುವಂತೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳುಹಿಸಿ, ಪೊಲೀಸ್ ಠಾಣೆಗೂ ಲಿಖಿತವಾಗಿ ತಿಳಿಸಿ ಕಾಯಬೇಕು. ಉತ್ತರವೇ ಬಾರದಿದ್ದರೆ ವಕೀಲರ ಮೂಲಕ ಸ್ವಾಧೀನಕ್ಕಾಗಿ ದಾವೆ ಹೂಡುವುದೇ, ನಿಧಾನವಾದರೂ, ನಿರಪಾಯವಾದ ಮಾರ್ಗ. ನಲ್ಲಿ ಒಡೆದು ಕೆಳಮನೆಗೆ ನೀರು ಸೋರುವಂತಹ ತುರ್ತು ಒದಗಿ ಬಾಗಿಲನ್ನು ತೆರೆಯಲೇಬೇಕಾದರೆ, ನೆರೆಯ ಇಬ್ಬರನ್ನು ಸಾಕ್ಷಿಗಳಾಗಿ ನಿಲ್ಲಿಸಿಕೊಂಡು, ಪ್ರತಿಯೊಂದು ವಸ್ತುವನ್ನೂ ಪಟ್ಟಿ ಮಾಡಿ, ವಿಡಿಯೋ ತೆಗೆದು, ಸಹಿ ಹಾಕಿಸಿಕೊಳ್ಳಲೇಬೇಕು.

ಅಡ್ವಾನ್ಸ್ ಸಾಲದೆ ಬಾಡಿಗೆ ಬಾಕಿ ಉಳಿದರೆ, ಅದು ಸಲ್ಲಬೇಕಾದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಮೊತ್ತ ಸಣ್ಣದಾಗಿದ್ದು ಆತನ ವಿಳಾಸ ತಿಳಿದಿದ್ದರೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸುವುದು ಲೇಸು; ಅಲ್ಲಿ ನ್ಯಾಯಾಲಯದ ಶುಲ್ಕವಿಲ್ಲ, ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವೇ ಇರುತ್ತದೆ.