ಕೀ ಕೊಡಬೇಕಿಲ್ಲದ ಗಡಿಯಾರ

‘ವಾಚಿಗೆ ಕೀ ಕೊಟ್ಟೆಯಾ?’ ಎಂದು ಮನೆಮನೆಯಲ್ಲೂ ಕೇಳುತ್ತಿದ್ದ ಕಾಲದಲ್ಲಿ ಯಾರ ಕೈಯಲ್ಲೂ ಕೀ ಇರುತ್ತಿರಲಿಲ್ಲ. ಪಕ್ಕದ ತಿರುಪನ್ನು ಎರಡು ಬೆರಳಲ್ಲಿ ಕರಕರ ತಿರುಗಿಸಿದರೆ ಮುಗಿಯಿತು. ಮಾತಿನಲ್ಲಷ್ಟೇ ಉಳಿದ ಆ ಕೀ ಹಿಂದೆ ನಿಜಕ್ಕೂ ಇತ್ತು. ಜೇಬುಗಡಿಯಾರದ ಜೊತೆಗೇ ಬರುತ್ತಿದ್ದ ಪುಟ್ಟ ಕೀಲಿ ಅದು. ಕಳೆದುಹೋದರೆ ಗಡಿಯಾರವೂ ನಿಂತಂತೆ.

ಅದನ್ನು ಬೇಡವೆನಿಸಿದವರಲ್ಲಿ ಆಂತ್ವಾನ್ ಲೆಕೂಲ್ಟ್ರ್ ಒಬ್ಬ. ಸ್ವಿಟ್ಜರ್ಲೆಂಡಿನ ಜೂ ಕಣಿವೆಯ ಲ ಸಾಂತಿಯೇ ಎಂಬ ಊರಲ್ಲಿ 1833ರಲ್ಲಿ ಕಾರ್ಯಾಗಾರ ತೆರೆದ. 1844ರಲ್ಲಿ ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಅಳೆಯುವ ಉಪಕರಣ ಮಾಡಿದ. 1847ರಲ್ಲಿ ಕೀಲಿಯಿಲ್ಲದೆ ಸ್ಪ್ರಿಂಗ್ ಸುತ್ತುವ ಏರ್ಪಾಡು ಕಂಡುಹಿಡಿದ. ಮುಂದೆ ಪ್ಯಾರಿಸ್ಸಿನ ಎಡ್ಮಂಡ್ ಜೇಗರ್ ಜೊತೆ ಅವನ ಮೊಮ್ಮಗ ಕೈಜೋಡಿಸಿದ್ದರಿಂದ ‘ಜೇಗರ್-ಲೆಕೂಲ್ಟ್ರ್’ ಎಂಬ ಜೋಡಿಹೆಸರು ಬಂತು.

ಈ ಮನೆತನದ ಚಿನ್ನ, ವಜ್ರದ ವಾಚುಗಳ ಬಗ್ಗೆ ನನಗೆ ಅಷ್ಟೇನೂ ಮೋಹವಿಲ್ಲ. ಬೆರಗು ಹುಟ್ಟಿಸುವುದು ‘ಅಟ್ಮೋಸ್’ ಎಂಬ ಮೇಜಿನ ಗಡಿಯಾರ. 1928ರಲ್ಲಿ ಝಾನ್-ಲೆಯೋನ್ ರಾಯ್ಟರ್ ಎಂಬ ಎಂಜಿನಿಯರ್ ರೂಪಿಸಿದ್ದನ್ನು ಈ ಕಂಪನಿ ತಿದ್ದಿ ಬೆಳೆಸಿತು. ಇದಕ್ಕೆ ಕೀಯೂ ಬೇಡ, ತಿರುಪೂ ಬೇಡ, ಬ್ಯಾಟರಿಯೂ ಬೇಡ.

ಹಿಂಬದಿಯ ಡಬ್ಬಿಯೊಳಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಲೋಹದ ಕೋಶವಿದೆ. ಅದರಲ್ಲಿ ಈಥೈಲ್ ಕ್ಲೋರೈಡ್ ತುಂಬಿ ಮುಚ್ಚಿರುತ್ತಾರೆ. ಆಟಗಾರರ ಕಾಲಿಗೆ ಪೆಟ್ಟಾದಾಗ ನೋವು ಮರಗಟ್ಟಿಸಲು ಸಿಂಪಡಿಸುವ ತಣ್ಣನೆಯ ರಾಸಾಯನಿಕವೂ ಇದೇ. ಸುಮಾರು 12 ಡಿಗ್ರಿಗೇ ಕುದಿಯುವುದರಿಂದ ಕೋಣೆ ತುಸು ಬೆಚ್ಚಗಾದರೂ ಕೋಶ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಈ ಉಸಿರಾಟವೇ ಸಣ್ಣ ಸರಪಳಿಯೊಂದನ್ನು ಆಡಿಸಿ ಒಳಗಿನ ಸ್ಪ್ರಿಂಗ್ ಸುತ್ತುತ್ತದೆ. ಒಂದು ಡಿಗ್ರಿ ಏರುಪೇರಾದರೆ ಎರಡು ದಿನದ ಓಟಕ್ಕೆ ಸಾಕು.

ಅಷ್ಟು ಅಲ್ಪ ಶಕ್ತಿ ಸಾಲುವುದು ಹೇಗೆ? ಗುಟ್ಟು ಗಳಿಕೆಯಲ್ಲಿಲ್ಲ, ಜಿಪುಣತನದಲ್ಲಿದೆ. ಇಂದಿನ ಬಹುಪಾಲು ಯಾಂತ್ರಿಕ ಕೈಗಡಿಯಾರಗಳ ಚಕ್ರ ಸೆಕೆಂಡಿಗೆ 8 ಸಲ ಮಿಡಿದರೆ, ಅಟ್ಮೋಸಿನದು ನಿಮಿಷಕ್ಕೆ ಎರಡೇ ಸಲ. ಕೂದಲಿನಂಥ ತಂತಿಗೆ ನೇತುಬಿದ್ದ ಚಕ್ರ ಆ ಕಡೆಗೆ ಅರ್ಧ ನಿಮಿಷ, ಈ ಕಡೆಗೆ ಅರ್ಧ ನಿಮಿಷ ತಿರುಗುತ್ತದೆ. ನೋಡುತ್ತ ನಿಂತರೆ ನಿಂತೇಹೋಯಿತೇನೋ ಅನ್ನಿಸಬೇಕು.

ಹಾಗೆಂದು ಬೇಕಾದಲ್ಲಿ ಇಡುವಂತಿಲ್ಲ. ಬುಡ ಕಿಂಚಿತ್ತೂ ವಾಲಬಾರದು. ಅದನ್ನು ನೋಡಿಕೊಳ್ಳಲೆಂದೇ ಗಾರೆ ಕೆಲಸದವರ ರಸಮಟ್ಟದಂಥ ಗುಳ್ಳೆಯೊಂದನ್ನು ಕೂರಿಸಿದ್ದಾರೆ. ಧೂಳೊರೆಸಲು ಜಾಗ ಬದಲಿಸುವುದಿದ್ದರೂ ಮೊದಲು ಬುಡದ ಕೀಲು ಸರಿಸಿ ಚಕ್ರವನ್ನು ಕಟ್ಟಿಹಾಕಬೇಕು.