ಹೆಣ್ಣು ತವರು ಬಿಡದ ದ್ವೀಪಗಳು

‘ಹಡಗು, ವಿಮಾನ ಎಲ್ಲಾ ನಮ್ಮಂಥವರಿಗೆಲ್ಲಿ ಬಂತು? ಮಕ್ಕಳ ಪರೀಕ್ಷೆ, ಅತ್ತೆಯವರ ಮಂಡಿನೋವು, ಇವರ ರಜೆ...’ ಎಂದು ಪುಟ ತಿರುಗಿಸಬೇಡಿ. ಮದುವೆಯಾದ ಮೇಲೂ ಮಗಳು ತವರಿನಲ್ಲೇ ಉಳಿಯುವ ಪದ್ಧತಿಯ ಊರುಗಳು ನಮ್ಮ ಮಂಗಳೂರಿನಾಚೆಯ ಕಡಲಲ್ಲೇ ಇವೆ ಎಂದರೆ ನಂಬುತ್ತೀರಾ?

ಅದೇ ಲಕ್ಷದ್ವೀಪ. ಲೆಕ್ಕಕ್ಕೆ 36 ದ್ವೀಪಗಳು. ಜನ ವಾಸವಿರುವುದು 10ರಲ್ಲಿ. ಎಲ್ಲಾ ಸೇರಿಸಿದರೂ ನೆಲ ಕೇವಲ 32 ಚದರ ಕಿಲೋಮೀಟರು! ಇವುಗಳಲ್ಲಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಹೆಂಗಸರು ತೆಂಗಿನ ನಾರು ಬಡಿದು ಹೊಸೆದ ಹುರಿ ಹಾಯಿಹಡಗಿನಲ್ಲಿ ಮಂಗಳೂರಿಗೆ ಬರುತ್ತಿತ್ತು. ಬದಲಿಗೆ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಅಂದರೆ ಆ ಮನೆಗಳ ಅನ್ನಕ್ಕೂ ನಮ್ಮ ಕರಾವಳಿಗೂ ಹಳೇ ನಂಟು.

ಇಲ್ಲಿಯವರು ಮುಸ್ಲಿಮರು. ಆದರೂ ವಂಶ ನಡೆಯುವುದು ತಾಯಿಯ ಕಡೆಯಿಂದ, ನಮ್ಮ ತುಳುನಾಡಿನ ಅಳಿಯಸಂತಾನದ ಹಾಗೆ. ಹಳೇ ಪದ್ಧತಿಯಲ್ಲಿ ಗಂಡ ರಾತ್ರಿ ಹೆಂಡತಿಯ ಮನೆಗೆ ಬಂದು, ಬೆಳಗಾದರೆ ತನ್ನ ತಾಯಿಮನೆಗೆ ಹೋಗುತ್ತಿದ್ದ. ತಾಯಿಯ ಕಡೆಯಿಂದ ಬಂದ ಕುಟುಂಬದ ಆಸ್ತಿಗೆ ‘ಶುಕ್ರವಾರದ ಸ್ವತ್ತು’, ಸ್ವಂತ ಗಳಿಕೆಗೆ ‘ಸೋಮವಾರದ ಸ್ವತ್ತು’ ಎಂದು ಹೆಸರು. ಈಗ ಬೇರೆ ಸಂಸಾರ ಹೂಡುವವರೂ ಇದ್ದಾರೆ. ಆದರೂ ಅಜ್ಜಿ, ತಾಯಿ, ಮಗಳು ಒಂದೇ ಸೂರಿನಡಿ ಇರುವ ಮನೆ ನೋಡಿದಾಗ, ತವರಿನ ಹೊಸಿಲು ದಾಟುವಾಗ ಅತ್ತ ನಮಗೆ ಏನೆನ್ನಿಸೀತು, ನೀವೇ ಹೇಳಿ.

ಹೋಗುವುದು ಹೇಗೆ? ಪ್ರವೇಶಕ್ಕೆ ಪರವಾನಗಿ ಬೇಕು, ಮುಂಚಿತವಾಗಿಯೇ ಅರ್ಜಿ ಹಾಕಿ. ಕೊಚ್ಚಿಯಿಂದ ಪ್ರಯಾಣಿಕರ ಹಡಗುಗಳಿವೆ. ದ್ವೀಪ ಯಾವುದೆಂಬುದರ ಮೇಲೆ 14ರಿಂದ 20 ಗಂಟೆ ಹಿಡಿಯುತ್ತದೆ. ಆತುರವಿದ್ದರೆ ಕೊಚ್ಚಿಯಿಂದ ಅಗತ್ತಿಗೆ ಪುಟ್ಟ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಇಳಿಯುವಾಗ ಎರಡೂ ಕಡೆ ನೀರೇ ಕಾಣುತ್ತದೆ, ಹೆದರಬೇಡಿ! ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟು. ಆಗ ಹೊರಡದಿರುವುದೇ ಜಾಣತನ.

ನಿಜವಾದ ಪರೀಕ್ಷೆ ಇಳಿಯುವಾಗ. ಹವಳದ ದಿಬ್ಬ ಅಡ್ಡವಿರುವ ಕಡೆ ಹಡಗು ದಡ ಮುಟ್ಟುವುದಿಲ್ಲ; ನಡುನೀರಿನಲ್ಲೇ ದೋಣಿಗೆ ದಾಟಬೇಕು. ದೋಣಿ ಏರುತ್ತದೆ, ಇಳಿಯುತ್ತದೆ. ಚೀಲ ಮೊದಲೇ ಕೊಟ್ಟುಬಿಡಿ, ಎರಡೂ ಕೈ ಖಾಲಿಯಿರಲಿ. ನೆರಿಗೆ ಮೇಲೆತ್ತಿ ಸಿಕ್ಕಿಸಿ, ಇಲ್ಲವೇ ಸಲ್ವಾರ್ ತೊಡಿ. ಅಂಬಿಗ ‘ಈಗ’ ಎಂದಾಗಲೇ ಕಾಲಿಡಿ, ನೀವಾಗಿ ಹಾರಬೇಡಿ. ಮಕ್ಕಳನ್ನು ಅವರ ಕೈಗೇ ಕೊಡಿ.

ಹೊಟ್ಟೆ ತೊಳಸುವವರು ಹೊರಡುವ ಮುನ್ನ ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಖಾರ, ಎಣ್ಣೆತಿಂಡಿ ಬೇಡ. ಒಣಶುಂಠಿಯ ಚೂರು, ಬಿಸ್ಕತ್ತು, ಒಂದೆರಡು ನಿಂಬೆಹಣ್ಣು ಜೊತೆಗಿರಲಿ. ಕೋಣೆಯಲ್ಲಿ ಮುದುರಿ ಮಲಗುವುದಕ್ಕಿಂತ ಗಾಳಿಗೆ ಬಂದು ದೂರದ ದಿಗಂತ ನೋಡುತ್ತಾ ಕುಳಿತರೆ ಒಳ್ಳೆಯದು.

ಊಟಕ್ಕೆ ತೆಂಗು, ಸೂರೆಮೀನು ಧಾರಾಳ. ಮೀನು ಬೇಯಿಸಿ, ಹೊಗೆಗಿಟ್ಟು, ಬಿಸಿಲಿಗೊಣಗಿಸಿದ ‘ಮಾಸ್‌ಮೀನ್’ ಅಲ್ಲಿನ ಹೆಂಗಸರ ಕೈಚಳಕ. ತಿನ್ನುವವರು ಕೊಂಡು ತನ್ನಿ. ಹವಳ ಮಾತ್ರ ತರಬೇಡಿ. ಅದಕ್ಕೆ ಕಾನೂನಿನ ರಕ್ಷಣೆಯಿದೆ. ಅಕ್ಕಿ, ತರಕಾರಿ ಹೊರಗಿನಿಂದಲೇ ಬರಬೇಕಾದ ನೆಲವದು; ಅನ್ನ ಚೆಲ್ಲಬೇಡಿ.

ಕೊನೆಗೊಂದು ಮಾತು. ಮನೆಯವರ ಅನುಕೂಲ ಎಲ್ಲಾ ನೋಡಿ, ಕಡೆಗೆ ನಮ್ಮ ಹೆಸರು ಬರೆಯುವುದು ನಮ್ಮ ಅಭ್ಯಾಸ. ಈ ಸಲ ಪರವಾನಗಿಯ ಅರ್ಜಿ ತುಂಬುವಾಗ ಮೊದಲ ಹೆಸರು ನಿಮ್ಮದೇ ಇರಲಿ. ಸಾಧ್ಯವಾದರೆ ಎರಡನೆಯದು ನಿಮ್ಮ ತಾಯಿಯದು.