ಹೊಲದಲ್ಲಿ ಎದೆಬಡಿತ ನಿಂತವರಿಗೆ ಸಂದರ್ಭಾನುಸಾರವಾದ ಪ್ರಥಮೋಪಚಾರ

ವ್ಯವಸಾಯದ ಪತ್ರಿಕೆಯಲ್ಲಿ ವೈದ್ಯವಿಷಯವೇಕೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಕೇಳಬಹುದು. ಬಾವಿ, ಪಂಪುಸೆಟ್ಟು, ಕ್ರಿಮಿನಾಶಕದ ಸಿಂಪರಣೆ, ಹಗೇವು, ಗೊಬ್ಬರದ ಗುಂಡಿ ಇವೆಲ್ಲವೂ ಬೇಸಾಯದ ಸಾಧನಗಳೇ. ಒಕ್ಕಲುಮಕ್ಕಳ ಪ್ರಾಣಕ್ಕೆ ಅಪಾಯವೊದಗುವುದೂ ಇವುಗಳ ಬಳಿಯಲ್ಲಿಯೇ. ಗುಂಡಿಗೆಯು ನಿಂತರೆ ನಾಲ್ಕಾರು ನಿಮಿಷಗಳಲ್ಲಿ ಮೆದುಳು ಕೆಡಲಾರಂಭಿಸುವುದು. ಅಷ್ಟರಲ್ಲಿ ವೈದ್ಯರು ಹೊಲದ ಬದುವಿಗೆ ಬಂದು ಮುಟ್ಟುವುದು ದುರ್ಲಭವಾದುದರಿಂದ, ಪಕ್ಕದಲ್ಲಿದ್ದವರೇ ಉಪಚಾರವನ್ನು ಆರಂಭಿಸಬೇಕು.

ಸಾಮಾನ್ಯ ಕ್ರಮ.— ಕೂಗಿ ಅಲುಗಿಸಿದರೂ ಎಚ್ಚರಗೊಳ್ಳದೆ, ಸರಿಯಾಗಿ ಉಸಿರಾಡದೆ ಇರುವವನ ಗುಂಡಿಗೆ ನಿಂತಿದೆಯೆಂದೇ ತಿಳಿಯತಕ್ಕದ್ದು. ಆಗೊಮ್ಮೆ ಈಗೊಮ್ಮೆ ಬಾಯಿತೆರೆದು ಏದುವುದು ಉಸಿರಾಟವಲ್ಲ. ಒಬ್ಬರು 108ಕ್ಕೆ ಕರೆಮಾಡಲಿ. ಮತ್ತೊಬ್ಬರು ರೋಗಿಯನ್ನು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈಯಿಟ್ಟು, ಸುಮಾರು 2 ಅಂಗುಲ, ಎಂದರೆ 5ರಿಂದ 6 ಸೆಂಟಿಮೀಟರು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತತಕ್ಕದ್ದು. ಪ್ರತಿ ಒತ್ತಿಗೂ ಎದೆಯು ಪೂರ್ತಿಯಾಗಿ ಮೇಲೇಳಬೇಕು. ಪ್ರತಿ 30 ಒತ್ತುಗಳಿಗೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನೆತ್ತಿ, ಮೂಗನ್ನು ಹಿಡಿದು, ಬಾಯಿಂದ 2 ಸಲ ಉಸಿರೂದುವುದು. ಈ ಎದೆಯೊತ್ತುವ ವಿಧಾನವನ್ನು 1960ರಲ್ಲಿ ಪ್ರಕಟಿಸಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬುವರು. ಇವರಲ್ಲಿ ಮೊದಲನೆಯವರು ವೃತ್ತಿಯಿಂದ ವಿದ್ಯುತ್ ಇಂಜಿನಿಯರು. ಈ ಕೆಲಸಕ್ಕೆ ಬೇಕಾದುದು ಎರಡು ಕೈಗಳೂ ಸ್ವಲ್ಪ ಅಭ್ಯಾಸವೂ ಮಾತ್ರ.

ಆದರೆ ಒಂದೇ ಗೊಬ್ಬರವು ಎಲ್ಲ ನೆಲಕ್ಕೂ ಒಗ್ಗದಂತೆ, ಈ ಕ್ರಮವನ್ನೂ ಸಂದರ್ಭವರಿತು ಮಾರ್ಪಡಿಸಿಕೊಳ್ಳಬೇಕಾಗುವುದು.

ನೀರಿನಲ್ಲಿ ಮುಳುಗಿದವರು.— ಇವರ ಗುಂಡಿಗೆಯು ನಿಲ್ಲುವುದು ಉಸಿರುಕಟ್ಟಿದ್ದರಿಂದ. ಆದುದರಿಂದ ಮೊದಲು ಉಸಿರೂದಿ, ಬಳಿಕ ಎದೆಯನ್ನು ಒತ್ತಲಾರಂಭಿಸತಕ್ಕದ್ದು. ಹೊಟ್ಟೆಯನ್ನು ಹಿಸುಕಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಇವು ಕೂಡದು. ಇವುಗಳಿಂದ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿಯುವುದಲ್ಲದೆ, ಅಮೂಲ್ಯವಾದ ಕಾಲವೂ ನಷ್ಟವಾಗುವುದು.

ವಿದ್ಯುತ್ತು ಮತ್ತು ಸಿಡಿಲು ತಗಲಿದವರು.— ಪಂಪಿನ ಬಳಿ ಬಿದ್ದವನನ್ನು ಮುಟ್ಟುವ ಮೊದಲು ವಿದ್ಯುತ್ತನ್ನು ನಿಲ್ಲಿಸಲೇಬೇಕು. ಹರಿದುಬಿದ್ದ ಕಂಬದ ತಂತಿಯಾದರೆ, ವಿದ್ಯುತ್ತು ನಿಂತಿತೆಂದು ಇಲಾಖೆಯವರು ಹೇಳುವವರೆಗೆ ದೂರವಿರತಕ್ಕದ್ದು. ಸಿಡಿಲು ಬಡಿದವನ ಮೈಯಲ್ಲಾದರೋ ವಿದ್ಯುತ್ತು ಉಳಿದಿರುವುದಿಲ್ಲ. ಅವನನ್ನು ಕೂಡಲೆ ಮುಟ್ಟಬಹುದು. ಸಿಡಿಲಿಗೆ ಹಲವರು ಸಿಕ್ಕಿದ್ದರೆ, ನರಳುತ್ತಿರುವವರನ್ನು ಬಿಟ್ಟು ಸತ್ತಂತೆ ಬಿದ್ದವರನ್ನೇ ಮೊದಲು ಉಪಚರಿಸಬೇಕು. ನರಳುವವನಲ್ಲಿ ಉಸಿರಿದೆ, ಸುಮ್ಮನೆ ಬಿದ್ದವನಿಗೆ ಆ ಕೆಲವು ನಿಮಿಷಗಳೇ ಗತಿ.

ಕ್ರಿಮಿನಾಶಕ ಸೇವಿಸಿದವರು.— ಇಲ್ಲಿ ಬಾಯಿಗೆ ಬಾಯಿಟ್ಟು ಊದಕೂಡದು. ವಿಷವು ಊದುವವನಿಗೂ ತಗಲಬಹುದು. ಕೈಚೀಲ ಧರಿಸಿ ಎದೆಯನ್ನು ಒತ್ತುತ್ತಿರುವಾಗಲೇ, ಮತ್ತೊಬ್ಬರು ವಿಷ ತಾಗಿದ ಬಟ್ಟೆಯನ್ನು ತೆಗೆದು ಮೈಯನ್ನು ನೀರಿನಿಂದ ತೊಳೆಯಲಿ. ವಾಂತಿ ಮಾಡಿಸಕೂಡದು. ಔಷಧಿಯ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯುವುದು ಅತ್ಯಗತ್ಯ; ಯಾವ ಪ್ರತಿವಿಷವನ್ನು ಕೊಡಬೇಕೆಂಬುದನ್ನು ಗೊತ್ತುಪಡಿಸಲು ವೈದ್ಯರಿಗೆ ಅದರಿಂದ ಸಹಾಯವಾಗುವುದು.

ಹಗೇವು ಮತ್ತು ಪಾಳುಬಾವಿಯಲ್ಲಿ ಬಿದ್ದವರು.— ಇಲ್ಲಿನ ಕೆಟ್ಟಗಾಳಿಯು ಒಬ್ಬನನ್ನು ಕೊಂದು, ಎತ್ತಲು ಇಳಿದ ಎರಡನೆಯವನನ್ನೂ ಮೂರನೆಯವನನ್ನೂ ಕೊಲ್ಲುವುದುಂಟು. ಉಸಿರಾಟದ ಸಲಕರಣೆಯಿಲ್ಲದೆ ಯಾರೂ ಇಳಿಯಕೂಡದು; ಅಗ್ನಿಶಾಮಕ ದಳವನ್ನು ಕರೆಸತಕ್ಕದ್ದು. ಮೇಲಕ್ಕೆ ತಂದವರಿಗೆ, ನೀರಿನಲ್ಲಿ ಮುಳುಗಿದವರಿಗೆ ಮಾಡಿದಂತೆ, ಉಸಿರನ್ನು ಮೊದಲು ಕೊಡಬೇಕು.

ಹಾವು ಕಚ್ಚಿದವರು.— ನಾಗರಹಾವು, ಕಟ್ಟುಹಾವುಗಳ ವಿಷವು ಮೊದಲು ಉಸಿರಾಟದ ಸ್ನಾಯುಗಳನ್ನು ಸ್ತಬ್ಧಗೊಳಿಸುವುದು. ಕಣ್ಣೆವೆ ಮುಚ್ಚಿ, ಅಲುಗಾಡದೆ ಬಿದ್ದವನನ್ನು ಸತ್ತನೆಂದು ಬಿಡಕೂಡದು. ಉಸಿರು ನಿಂತಿದ್ದರೆ ಎದೆಯೊತ್ತುವುದರೊಡನೆ ಉಸಿರೂದುವುದನ್ನೂ ತಪ್ಪಿಸದೆ ಆಸ್ಪತ್ರೆಗೆ ಸಾಗಿಸಿದರೆ, ಪ್ರತಿವಿಷದಿಂದಲೂ ಕೃತಕ ಉಸಿರಾಟದಿಂದಲೂ ಬದುಕುವ ಸಂಭವವುಂಟು.

ಗರ್ಭಿಣಿಯರು ಮತ್ತು ಮಕ್ಕಳು.— ಗರ್ಭವು ಹೊಕ್ಕುಳ ಮಟ್ಟಕ್ಕೆ ಬೆಳೆದಿದ್ದರೆ, ಅಂಗಾತ ಮಲಗಿಸಿದಾಗ ಅದರ ಭಾರವು ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಗುಂಡಿಗೆಗೆ ಮರಳುವ ರಕ್ತವನ್ನು ತಡೆಯುವುದು. ಒಬ್ಬರು ಗರ್ಭವನ್ನು ಎರಡು ಕೈಗಳಿಂದ ತಾಯಿಯ ಎಡಗಡೆಗೆ ಸರಿಸಿ ಹಿಡಿದಿರಬೇಕು. ಇನ್ನೊಬ್ಬರು ಎಂದಿನ ಸ್ಥಾನದಲ್ಲಿಯೇ ಎದೆಯನ್ನು ಒತ್ತತಕ್ಕದ್ದು. ತಾಯಿಯು ಉಳಿದರೆ ಶಿಶುವಿಗೂ ಆಸೆಯುಂಟು. ಮಕ್ಕಳಿಗೆ ಮೊದಲು ಉಸಿರೂದಿ, ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಒತ್ತತಕ್ಕದ್ದು. ಚಿಕ್ಕ ಮಕ್ಕಳಿಗೆ ಒಂದೇ ಅಂಗೈ ಸಾಕು. ಹಸುಗೂಸಿನ ಎದೆಯನ್ನು ಎರಡು ಕೈಗಳಿಂದ ಬಳಸಿ ಹೆಬ್ಬೆರಳುಗಳಿಂದ ಒತ್ತುವುದು.

ಪ್ರತಿ ಗ್ರಾಮದಲ್ಲಿಯೂ ನಾಲ್ಕಾರು ಮಂದಿ ಯುವಕ ಯುವತಿಯರಿಗೆ ಸಮೀಪದ ಆರೋಗ್ಯ ಕೇಂದ್ರದ ವೈದ್ಯರಿಂದ ಈ ಅಭ್ಯಾಸವನ್ನು ಮಾಡಿಸುವುದು ಮುಖಂಡರ ಕರ್ತವ್ಯ. ಜಮೀನುದಾರರು ಬಾವಿಯ ಬಳಿ ಗಟ್ಟಿಯಾದ ಹಗ್ಗವನ್ನೂ, ಪಂಪಿನ ಮನೆಯಲ್ಲಿ ವಿದ್ಯುತ್ತು ನಿಲ್ಲಿಸುವ ಗುಂಡಿಯ ಸ್ಥಳವನ್ನು ತಿಳಿಸುವ ಫಲಕವನ್ನೂ ಇಡತಕ್ಕದ್ದು. ಆ ಸ್ಥಳವು ಅಲ್ಲಿ ದುಡಿಯುವ ಪ್ರತಿಯೊಬ್ಬ ಆಳಿಗೂ ತಿಳಿದಿರಬೇಕು. ಈ ಏರ್ಪಾಡುಗಳನ್ನು ಬರುವ ಬಿತ್ತನೆಗೆ ಮೊದಲೇ ಪೂರೈಸಿಕೊಳ್ಳುವುದು ಉತ್ತಮ.